ಹಿತ್ತಲಲ್ಲಿ ಕೂತು ನೋಡುತ್ತಿದ್ದವನು

ನಮ್ಮ ಕ್ಷೌರದಂಗಡಿಯವನು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ಅವನ ಹಿತ್ತಲು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಮೊದಲ ವರ್ಷ ಮಾತ್ರ ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ನೋಡುತ್ತಿದ್ದವನು ಅವನೊಬ್ಬನೇ. ಪಕ್ಕದ ಮನೆಯ ಟೈಲರಮ್ಮನ ನಿದ್ದೆಗೆಡಿಸಿದ್ದೇ ಅದು.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬರಿ ನೆಲದಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದ. ಮುಖ ಅವಳ ಮನೆಯ ಕಡೆ. ನೆರಳು ಬಿದ್ದಲ್ಲಿ ಕಡ್ಡಿ ನೆಟ್ಟು, ಸಂಜೆ ಬಂದು ಸ್ಟೂಲು ಸರಿಸಿ ಮತ್ತೆ ಕೂರುತ್ತಿದ್ದ. ಆ ಕಡೆಯ ಕಿಟಕಿಯಲ್ಲೇ ಅವಳ ಹೊಲಿಗೆ ಯಂತ್ರ. ವಯಸ್ಸಿಗೆ ಬಂದ ಮಗಳು ಕಾಜಾ ಹಾಕಲು ಕೂರುತ್ತಿದ್ದದ್ದೂ ಅಲ್ಲೇ. ಸಾಲದ್ದಕ್ಕೆ ಅಂಗಡಿಯ ಕೂದಲನ್ನು ಚೀಲದಲ್ಲಿ ತಂದು ಹೂಳುತ್ತಿದ್ದ.

"ಬೆಕ್ಕಾದರೂ ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ. ಇವನು ಕಣ್ಣು ಬಿಟ್ಕೊಂಡೇ ಕೂತಿದಾನಲ್ಲ!" ಎಂದು ಟೈಲರಮ್ಮ ಕಾಂಪೌಂಡ್ ಗೋಡೆ ಎತ್ತರಿಸಲು ಇಟ್ಟಿಗೆ ತರಿಸಿದಳು. ಗಾರೆಯವನೂ ಬಂದ.

ಕ್ಷೌರದಂಗಡಿಯವನು ಓಡಿಬಂದ. "ಅಕ್ಕಾ, ಗೋಡೆ ಎದ್ದರೆ ನನ್ನ ಹಿತ್ತಲಿಗೆ ಬೆಳಗಿನ ಬಿಸಿಲೇ ಇರಲ್ಲ. ಒಂದು ಸೊಪ್ಪೂ ಬೆಳೆಯಲ್ಲ."

"ವರ್ಷವೆಲ್ಲ ಏನಪ್ಪ ನೋಡ್ತಿದ್ದೆ?"

"ಬಿಸಿಲು, ನೀರು, ಗಾಳಿ. ಪರ್ಮಾಕಲ್ಚರ್ ಅಂತಾರೆ. ನೆಲ ಏನು ಮಾಡ್ತಿದೆ ಅಂತ ಮೊದಲು ನೋಡಿ, ಆಮೇಲೆ ಅದರ ಜೊತೆ ಕೈಜೋಡಿಸೋದು. ಅಳತೆ ತಗೊಳ್ಳದೆ ನೀವು ಬಟ್ಟೆಗೆ ಕತ್ತರಿ ಹಾಕ್ತೀರಾ?"

"ವರ್ಷಗಟ್ಟಲೆ ಅಳೀತಾ ಕೂತ್ರೆ ಗಿರಾಕಿಗೆ ಹೊಟ್ಟೆ ಬಂದಿರುತ್ತೆ! ಆ ಕೂದಲು?"

"ಗೊಬ್ಬರ ಅಕ್ಕಾ. ಅಂಗಡಿಯ ಕಸ, ಮಣ್ಣಿಗೆ ಊಟ."

ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆ ನಗು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ನಗಲಿಲ್ಲ. ಸೀದಾ ಅವನ ಹಿತ್ತಲಿಗೆ ಬಂದು, ಒಂದೊಂದು ಕಡ್ಡಿಯ ಹತ್ತಿರವೂ ಸ್ಟೂಲು ಎಳೆದು ಕೂತು ನೋಡಿದಳು. ಎಲ್ಲಿಂದಲೂ ಕಿಟಕಿ ಕಾಣಲಿಲ್ಲ; ಅವಳದೇ ಬಚ್ಚಲಿನ ಗೋಡೆ ಅಡ್ಡವಿತ್ತು. ಕಂಡದ್ದು ಅವಳ ಚಾವಣಿ, ಅಲ್ಲಿಂದ ಬೀದಿ ಚರಂಡಿಗೆ ಇಳಿದ ಪೈಪು.

"ಓಹೋ! ನಿನ್ನ ಕಣ್ಣು ನಮ್ಮ ಮಳೆನೀರಿನ ಮೇಲೆ!"

"ಸುಮ್ಮನೆ ಚರಂಡಿ ಪಾಲಾಗ್ತಿದೆ. ಕೇಳೋಕೆ ಸಂಕೋಚ ಆಯ್ತು."

"ಕೇಳೋಕೆ ಸಂಕೋಚ, ದಿಟ್ಟಿಸೋಕೆ ಇಲ್ಲ!"

ಗಾರೆಯವನು ಬೇಸತ್ತು ಕೂಗಿದ: "ಎಷ್ಟು ಎತ್ತರ ಕಟ್ಟಲಮ್ಮ?"

ಟೈಲರಮ್ಮ ಪೈಪಿನ ಕಡೆ ಕೈ ತೋರಿಸಿದಳು. "ಕಟ್ಟೋದು ಬೇಡ. ಆ ಪೈಪನ್ನ ಇವನ ಹಿತ್ತಲಿಗೆ ತಿರುಗಿಸು. ಇಟ್ಟಿಗೆ ಮಾತ್ರ ಅಲ್ಲೇ ಇರಲಿ. ಇವನನ್ನ ನಾನಿನ್ನೂ ಪೂರ್ತಿ ನಂಬಿಲ್ಲ."