ಲಂಡನ್ನಿನಿಂದ ತಂದ ಮಕ್ಕಳು

ಅಡಿಗೆಮನೆಯಿಂದ ವಿನೆಗರ್ ವಾಸನೆ ಬರುತ್ತಿದೆ. ತಾರಾ ಆಲೂಗಡ್ಡೆ ಕರಿದು ಅದರ ಮೇಲೆ ವಿನೆಗರ್ ಸುರಿಯುತ್ತಿದ್ದಾಳೆ. ಈ ಧಾರವಾಡದ ಮನೆಯಲ್ಲಿ ಕರಿದ ಆಲೂಗಡ್ಡೆಗೆ ಖಾರಪುಡಿ ಬಿಟ್ಟು ಬೇರೇನನ್ನಾದರೂ ಹಾಕುವುದನ್ನು ನಮ್ಮ ಅತ್ತೆ ನೋಡಿದ್ದರೆ ಆಲೂಗಡ್ಡೆಗೂ ಪಂಚಗವ್ಯ ಕುಡಿಸುತ್ತಿದ್ದರು. ನನಗೆ ಮಾತ್ರ ಆ ಹುಳಿ ವಾಸನೆ ಮೂಗಿಗೆ ಬಡಿದೊಡನೆ ಲಂಡನ್ನಿನ ಹೌನ್ಸ್ಲೋದ ಒಂದು ರಸ್ತೆ ಕಣ್ಣೆದುರು ಬಂದು ನಿಲ್ಲುತ್ತದೆ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಛಾವಣಿ ಸವರಿಕೊಂಡು ಇಳಿಯುವ ವಿಮಾನಗಳು, ಕೆಳಗೆ ಮೀನು, ಆಲೂಗಡ್ಡೆ ಕರಿದು ವಿನೆಗರ್ ಸುರಿದು ಮಾರುವ ಅಂಗಡಿ, ಅದರ ಮೇಲಿನ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಕಿಟಕಿ ತೆರೆಯಲೂ ಆಗದೆ ಮುಚ್ಚಲೂ ಆಗದೆ ಕೂತಿದ್ದ ನಾವು ನಾಲ್ವರು.

ಇಂಥ ಕಥೆಗಳನ್ನು ನೀವು ಕೇಳಿರುತ್ತೀರಿ. ಬಿಳಿಯ ದಂಪತಿಗಳು ಬಹು ದೂರದಿಂದ ನಮ್ಮ ದೇಶಕ್ಕೆ ಬಂದು, ತಬ್ಬಲಿ ಮಕ್ಕಳನ್ನು ದತ್ತು ತೆಗೆದುಕೊಂಡು, ಒಳ್ಳೆಯ ಬಾಳು ಕೊಡಲು ಲಂಡನ್ನಿಗೋ ಇನ್ನೆಲ್ಲಿಗೋ ಕರೆದೊಯ್ಯುತ್ತಾರೆ. ನಾವು ಅದನ್ನು ಅಡಿಮೇಲು ಮಾಡಿದೆವು. ಧಾರವಾಡದ ಒಬ್ಬ ಗಣಿತದ ಮಾಸ್ತರರು ಮತ್ತು ಭೂಗೋಳದ ಒಬ್ಬ ಟೀಚರು, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ, ಲಂಡನ್ನಿನ ಮಕ್ಕಳಿಬ್ಬರಿಗೆ ಒಳ್ಳೆಯ ಬಾಳು ಕೊಡುತ್ತೇವೆಂದು ಹೊರಟಿದ್ದರು. ತೊಂಬತ್ತರ ದಶಕದ ಕೊನೆ ಅದು.

ಮಕ್ಕಳು ಲಂಡನ್ನಿನಲ್ಲಿದ್ದ ನನ್ನ ತಂಗಿ ಸುಧಾಳವು. ಅವಳೂ ಅವಳ ಗಂಡನೂ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ತಾರಾಳಿಗೆ ಹತ್ತು ವರ್ಷ, ಸುಹಾಸನಿಗೆ ಆರು. ನಾವು ಕೇಳಿದೊಡನೆ ಮಕ್ಕಳನ್ನು ಕೈಗೆ ಕೊಟ್ಟು ಕಳಿಸಲು ಅದೇನು ತವರುಮನೆಯೇ? ನಾವು ಎಂಥವರು, ಕುಡಿಯುತ್ತೇವೋ ಹೊಡೆಯುತ್ತೇವೋ ಎಂದೆಲ್ಲ ಅಲ್ಲಿಯ ಸರಕಾರ ವಿಚಾರಿಸಿ ಮುಗಿಸುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅಷ್ಟು ಕಾಲ ಮಕ್ಕಳು ಹೌನ್ಸ್ಲೋದ ಹತ್ತಿರದ ಹೇಸ್‌ನಲ್ಲಿ ಮೌರೀನ್ ಎಂಬ ಐರಿಶ್ ವಿಧವೆಯ ಮನೆಯಲ್ಲಿದ್ದರು. ಅಲ್ಲಿಯ ಕೌನ್ಸಿಲ್, ಅಂದರೆ ನಗರಸಭೆಯವರು ಹುಡುಕಿಕೊಟ್ಟ ಸಾಕುತಾಯಿ. ಕೊನೆಗೆ, ಕೋರ್ಟು ಅಪ್ಪಣೆ ಕೊಡುವ ಮೊದಲು ಕೆಲವು ವಾರ ನಾವು ಲಂಡನ್ನಿನಲ್ಲೇ ಮಕ್ಕಳ ಜೊತೆ ಸಂಸಾರ ಮಾಡಿ ತೋರಿಸಬೇಕೆಂದು ಗೊತ್ತಾಯಿತು. ಒಂಥರಾ ಪ್ರಾಯೋಗಿಕ ಪರೀಕ್ಷೆ. ಅಷ್ಟು ವರ್ಷ ಬೇರೆಯವರಿಗೆ ಪರೀಕ್ಷೆ ಮಾಡಿದ ಪಾಪಕ್ಕೆ ನಾವಿಬ್ಬರೂ ಫಲ ಉಂಡೆವು.

ಪರೀಕ್ಷಕಿ ಜೂಡಿ ಎಂಬ ಸೋಶಿಯಲ್ ವರ್ಕರ್. ಬಹಳ ಒಳ್ಳೆಯ ಹೆಂಗಸು. ತಲೆ ಓರೆ ಮಾಡಿ, ಮೆತ್ತಗೆ, ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಕೇಳುತ್ತಿದ್ದಳು. "ಮಕ್ಕಳು ತಮ್ಮ ಸಂಸ್ಕೃತಿಯನ್ನು ಕಳೆದುಕೊಳ್ಳುತ್ತಾರಲ್ಲ, ಅದಕ್ಕೇನು ಮಾಡುತ್ತೀರಿ?" ಎಂದು ಒಮ್ಮೆ ಕೇಳಿದಳು. ಸಂಸ್ಕೃತಿ ಎಂದರೆ ನಮ್ಮ ಕಡೆ ಬೇಕಾದಷ್ಟು ದಾಸ್ತಾನಿದೆ ಎಂದು ನಂಬಿಕೊಂಡಿದ್ದ ನಾನು ನಮ್ಮವರ ಮುಖ ನೋಡಿದೆ. ಅವರು ಗಂಭೀರವಾಗಿ, ಧಾರವಾಡದಲ್ಲೂ ಬ್ರೆಡ್ಡು ಸಿಗುತ್ತದೆ ಎಂದರು. ಅವಳು ಅದನ್ನೂ ಬರೆದುಕೊಂಡಳು.

ಸುಹಾಸ ನಮ್ಮೊಡನೆ ಬೇಗ ಹೊಂದಿಕೊಂಡ. ಧಾರವಾಡದಲ್ಲಿ ರಸ್ತೆಯ ಮೇಲೆಯೇ ಎಮ್ಮೆಗಳು ಓಡಾಡುತ್ತವೆ ಎಂದು ತಿಳಿದ ಮೇಲೆ ಅವನಿಗೆ ಬೇರೆ ಯಾವ ಸಂಶಯವೂ ಉಳಿಯಲಿಲ್ಲ. ಪ್ರಶ್ನೆ ತಾರಾಳದು. ಹನ್ನೆರಡು ವರ್ಷದ ಹುಡುಗಿ, ಅವಳ ಮನಸ್ಸನ್ನು ಜಡ್ಜರು ಖುದ್ದಾಗಿ ಕೇಳುತ್ತಾರೆ ಎಂದು ಜೂಡಿ ಮೊದಲೇ ಹೇಳಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ತಾರಾಗೆ ಎಲ್ಲ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು, ಅದೂ ಒಂದೊಂದೇ ಶಬ್ದದಲ್ಲಿ. "ಊಟ ಮಾಡ್ತೀಯೇನವಾ?" ಎಂದರೆ "ಓಕೆ." "ಹೆಂಗಿತ್ತು ಸಾಲಿ?" ಎಂದರೆ "ಫೈನ್." ಅದಕ್ಕಿಂತ ಹೆಚ್ಚಿನದನ್ನು ಅವಳು ಬಾಗಿಲಿನ ಮೂಲಕ ಹೇಳುತ್ತಿದ್ದಳು. ಅವಳು ಧಡಾರನೆ ಬಾಗಿಲು ಹಾಕಿಕೊಂಡರೆ ಕೆಳಗಿನ ಅಂಗಡಿಯವನು ಮೇಲೆ ನೋಡುತ್ತಿದ್ದ.

ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಥೇಮ್ಸ್ ನದಿ ಎಳೆದು ತೋರಿಸಿದ ನಾನು ಹೌನ್ಸ್ಲೋದಲ್ಲಿ ಬಸ್ ಸ್ಟಾಪಿನಿಂದ ಮನೆಗೆ ಬರುವ ದಾರಿಯನ್ನು ಎರಡು ಸಲ ತಪ್ಪಿದೆ. ಎರಡು ಸಲವೂ ಹುಡುಕಿಕೊಂಡು ಬಂದವಳು ತಾರಾ. ಬಂದು, ದಾರಿ ತೋರಿಸುತ್ತ ಮುಂದೆ ಮುಂದೆ ನಡೆದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೋರ್ಟಿನ ದಿನಕ್ಕೆ ಮುಂಚಿನ ಭಾನುವಾರ ಅಲ್ಲಿಯ ಕನ್ನಡ ಜನ ಒಂದು ಹಾಲ್‌ನಲ್ಲಿ ನಮಗೆ ಬೀಳ್ಕೊಡುಗೆಯ ಊಟ ಇಟ್ಟುಕೊಂಡರು. ಎಲ್ಲರೂ ಒಂದೊಂದು ಡಬ್ಬಿ ತಂದಿದ್ದರು. ಮೊದಲು ನಾಡಗೀತೆ. ಆಮೇಲೆ ಒಬ್ಬರು ತಾಯ್ನಾಡಿನ ಮಣ್ಣಿನ ಕುರಿತು ಮಾತಾಡಿ ಕಣ್ಣು ಒರೆಸಿಕೊಂಡರು. ಹಾಲ್ ಪೂರ್ತಿ ಕಣ್ಣು ಒರೆಸಿಕೊಂಡಿತು. ಅದೇ ಮಣ್ಣಿಗೆ ನಾಲ್ಕು ಜನ ನಿಜವಾಗಿಯೂ ಹೊರಟಿದ್ದಾರೆ ಎಂಬುದು ಮಾತ್ರ ಅವರಿಗೆ ನುಂಗಲಾರದ ತುತ್ತಾಗಿತ್ತು.

ತಾಟು ಹಿಡಿದು ಮೊದಲು ಬಂದವರು ವಿಜಯಪುರದ ಸುಮಿತ್ರಕ್ಕ. "ಅಲ್ರಿ, ಇಲ್ಲಿ ಹುಟ್ಟಿದ ಕೂಸುಗಳನ್ನ ಯಾರರ ಅಲ್ಲಿಗೆ ಒಯ್ತಾರೇನ್ರಿ? ಅಲ್ಲಿಂದ ಇಲ್ಲಿಗೆ ತರೂದು ಕೇಳೀವಿ."

ಕುಂದಾಪುರದ ಶೆಟ್ಟರು ಹೋಟೆಲು ನಡೆಸುವವರು. ಅವರು ಇನ್ನೂ ನೇರ. "ಹ್ವಾಯ್, ಅಲ್ಲಿ ಮಕ್ಳಿಗೆ ಎಂತ ಇತ್ತ್ ಮಾರಾಯ್ರೆ?"

"ನಾವು ಇದ್ದೀವಲ್ರಿ" ಎಂದರು ನಮ್ಮವರು.

ಶೆಟ್ಟರು ಅದು ಸಾಲದು ಎಂಬಂತೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಸುಮಿತ್ರಕ್ಕ ನನ್ನ ಭುಜ ಸವರಿ, "ಇರ್ಲಿ ಬಿಡ್ರಿ. ತಂಗಿ ಮಕ್ಕಳು. ಕರ್ತವ್ಯ ಅಂತ ಮಾಡಲೇಬೇಕಾತಲ್ಲ, ಪಾಪ" ಎಂದು ಸಮಾಧಾನ ಹೇಳಿದರು. ತಿರುಗಿ ನೋಡಿದರೆ ಹಿಂದೆ ತಾರಾ, ತಟ್ಟೆಯಲ್ಲಿದ್ದ ಪೂರಿ ಮುಟ್ಟದೆ ನಿಂತಿದ್ದಳು.

ಕೋರ್ಟಿಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ ತಾರಾ ಮನೆಯಲ್ಲಿರಲಿಲ್ಲ.

ನಾನು ಜೂಡಿಗೆ ಫೋನು ಮಾಡಲು ಹೊರಟೆ. ನಮ್ಮವರು ತಡೆದರು. "ಮೊದಲ ಹೇಸ್‌ಗೆ, ಮೌರೀನ್ ಮನಿಗೆ ಹೋಗು. ಇಲ್ಲೇ ಹುಡುಗಿ ಕಳಕೊಂಡವರಿಗೆ ಯಾವ ಜಡ್ಜ ಮಕ್ಕಳನ್ನ ಕೊಡ್ತಾನ?" ಮಾತು ಒರಟಾದರೂ ಲೆಕ್ಕ ಸರಿಯಿತ್ತು. ಸುಹಾಸನನ್ನು ಅವರ ಹತ್ತಿರ ಬಿಟ್ಟು ಹೊರಟೆ. ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ. ಸುಮಿತ್ರಕ್ಕನ ಮಾತು ಕೇಳಿ ಹುಡುಗಿ ಮನಸ್ಸು ಮುರಿದುಕೊಂಡಳು, ನಾಳೆ ಜಡ್ಜರ ಮುಂದೆ ಬರುವುದಿಲ್ಲ ಎನ್ನುತ್ತಾಳೆ. ಅಕ್ಕ ಬಾರದಿದ್ದರೆ ಸುಹಾಸ ಎಮ್ಮೆ ನೋಡಲು ಬರುತ್ತಾನೆಯೇ? ಸುಧಾಳ ಮಕ್ಕಳಿಬ್ಬರನ್ನೂ ಇಲ್ಲೇ ಬಿಟ್ಟು, ತಂದ ಪೆಟ್ಟಿಗೆ ಎತ್ತಿಕೊಂಡು ಹೋಗಬೇಕು.

ಮೌರೀನ್ ಬಾಗಿಲು ತೆರೆದಳು. ಅರವತ್ತು ದಾಟಿದ ದಪ್ಪ ಹೆಂಗಸು, ಅಂದು ಮೂಗು ಕೆಂಪಾಗಿತ್ತು, ನೆಗಡಿ ಅಂದುಕೊಂಡೆ. ತಾರಾ ಅಡಿಗೆಮನೆಯ ಮೇಜಿನ ಮುಂದೆ ಚಹಾ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲಿ ಕೈಕೊಟ್ಟವು. ಬಾಯಿ ತೆರೆದರೆ ಧಾರವಾಡವೇ ಬಂತು.

"ನೋಡವಾ ತಾರಾ, ಪ್ರೀತಿ ಉಕ್ಕಿ ಹರಿಲಿಕ್ಕತ್ತದ ಅಂತ ನಾ ಸುಳ್ಳ ಹೇಳೂದಿಲ್ಲ. ನಿನ್ನ ತಮ್ಮ ಹಲ್ಲ ತಿಕ್ಕೂದಿಲ್ಲ. ನೀ ಬಾಗಲಾ ಧಡ್ ಅಂತ ಹಾಕ್ತಿ. ನಮಗೂ ಮಕ್ಕಳನ್ನ ಬೆಳಸಿ ರೂಢಿ ಇಲ್ಲ. ಆದ್ರ ಕರ್ತವ್ಯ ಅಂತ ಯಾರರ ಅಂದ್ರ ಅದೂ ಸುಳ್ಳ. ಬೆಳಿಗ್ಗೆ ಎದ್ದು ನಿಮ್ಮಿಬ್ಬರ ಬೂಟು ಬಾಗಲ ಹತ್ರ ಕಂಡ್ರ ನನಗ ಜೀವ ತಣ್ಣಗಾಗ್ತದ. ಇವತ್ತ ಒಂದು ಜೋಡಿ ಇರಲಿಲ್ಲ. ಅದಕ್ಕ ಬಂದೆ. ನನಗ ಗೊತ್ತಿರೂದು ಇಷ್ಟ."

ಒಂದಕ್ಷರವೂ ತಿಳಿಯದ ಮೌರೀನ್ ಸರಿಯಾದ ಜಾಗಗಳಲ್ಲೆಲ್ಲ ತಲೆಯಾಡಿಸಿದಳು. ತಾರಾ ಚಹಾ ಮುಗಿಸಿ, ಎದ್ದು ಕೋಟು ಹಾಕಿಕೊಂಡಳು. ಬಾಗಿಲಲ್ಲಿ ಮೌರೀನ್ ಅವಳನ್ನು ತಬ್ಬಿಕೊಂಡು, ಆಮೇಲೆ ನನ್ನನ್ನೂ ತಬ್ಬಿಕೊಂಡಳು. ಬಸ್ಸಿನಲ್ಲಿ ತಾರಾ ನನ್ನ ಪಕ್ಕದಲ್ಲೇ ಕೂತಳು.

ಮರುದಿನ ಜಡ್ಜರು ಅವಳನ್ನು ಹತ್ತಿರ ಕರೆದು, ಇವರ ಜೊತೆ ಹೋಗಲು ನಿನಗೆ ಮನಸ್ಸಿದೆಯೇ ಎಂದು ಕೇಳಿದರು. ತಾರಾ ಇಂಗ್ಲಿಷಿನಲ್ಲಿ, ಇದೆ, ಆದರೆ ಅಮ್ಮ ಎಂದು ಕರೆಯುವುದಿಲ್ಲ, ದೊಡ್ಡವ್ವ ಎಂದೇ ಕರೆಯುತ್ತೇನೆ ಎಂದಳು. ಹಾಗೆಂದರೇನು ಎಂದು ಜಡ್ಜರು ಕೇಳಿದರು. "ದೊಡ್ಡ ತಾಯಿ" ಎಂದು ಅರ್ಥ ಹೇಳಿದಳು. ಮುದುಕ ಜಡ್ಜರು ಕನ್ನಡಕದ ಮೇಲಿಂದ ನನ್ನತ್ತ ನೋಡಿ, "ಮೇಡಂ, ಕೆಲಸಕ್ಕೆ ಸೇರುವ ಮೊದಲೇ ನಿಮಗೆ ಬಡ್ತಿ ಸಿಕ್ಕಿದೆ" ಎಂದರು. ನಗಬೇಕೆಂದುಕೊಂಡ ನಾನು ಜೋರಾಗಿ ಅತ್ತುಬಿಟ್ಟೆ. ಜೂಡಿ ನೀರು ತಂದುಕೊಟ್ಟಳು.

ಅಂದಿನಿಂದ ಈ ಕಥೆಯನ್ನು ನಾನು ಹೇಳದ ಮದುವೆಮನೆಯಿಲ್ಲ. ಎಲ್ಲ ಸಲವೂ ಹೇಸ್‌ನ ಅಡಿಗೆಮನೆಯ ನನ್ನ ಭಾಷಣದ ಹತ್ತಿರ ಬಂದಾಗ ಕೇಳುವವರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ, ನಾನು ವಿನಯದಿಂದ ನೆಲ ನೋಡುತ್ತೇನೆ. ಇಷ್ಟು ವರ್ಷ ಕಳೆದ ಮೇಲೆ ಈಗ ಸುಹಾಸ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಕೂತು ಲಂಡನ್ನಿಗೆ ಓದಲು ಹೋಗುವ ಮಾತಾಡುತ್ತಿದ್ದಾನೆ. ತಾರಾ ಇಲ್ಲೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ತರಕಾರಿಯವಳ ಜೊತೆ ಅಚ್ಚ ಧಾರವಾಡ ಕನ್ನಡದಲ್ಲಿ ಜಗಳವಾಡುತ್ತಾಳೆ.

ಇಷ್ಟು ಬರೆದಿದ್ದೆ, ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ತಾರಾ ಯಾವಾಗಿನಿಂದ ನಿಂತು ಓದುತ್ತಿದ್ದಳೋ.

"ದೊಡ್ಡವ್ವ, ಇದು ತಪ್ಪ ಅದ. ನಾ ಮೌರೀನ್ ಮನಿಗೆ ಓಡಿ ಹೋಗಿರಲಿಲ್ಲ."

"ಮತ್ತ?"

"ಹೋಗಿ ಬರ್ತೀನಿ ಅಂತ ಹೇಳಲಿಕ್ಕೆ ಹೋಗಿದ್ದೆ. ನಿಮ್ಮ ಜೊತಿ ಬರೂದು ಆಗಲೇ ಗಟ್ಟಿ ಮಾಡಿದ್ದೆ."

"ಹೇಳದ ಯಾಕ ಹೋದಿ ಹಂಗಾರ?"

"ನೀನೂ ಬರ್ತೀನಿ ಅಂತಿದ್ದಿ. ಅಕಿ ನಿನ್ನ ಮುಂದ ಅಳತಿರಲಿಲ್ಲ. ನಾನೂ ಅಳತಿರಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ. "ಅಷ್ಟುದ್ದ ಮಾತಾಡಿದೆನಲ್ಲ, ಸುಮ್ಮ ಯಾಕ ಕೂತಿದ್ದಿ?"

"ಛಲೋ ಮಾತಾಡ್ಲಿಕ್ಕತ್ತಿದ್ದಿ. ನಡುವ ಬಾಯಿ ಯಾಕ ಹಾಕೂದು ಅಂತ ಬಿಟ್ಟೆ."

"ಮತ್ತ ಯಾವಾಗ ಗಟ್ಟಿ ಮಾಡಿದ್ದಿ? ಏನ ನೋಡಿ?"

ಅವಳು ನಿಜವಾಗಿಯೂ ಯೋಚಿಸಿದಳು. "ನೆನಪಿಲ್ಲ. ಒಂದಿನ ಎದ್ದಾಗ ಗಟ್ಟಿ ಆಗಿಬಿಟ್ಟಿತ್ತು" ಎಂದು ಒಳಗೆ ಹೋದಳು.

ನನ್ನ ಕಥೆಯ ನಡುಗಂಬವೇ ಹೋಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಮ್ಮೆದುರು ಹೇಳಿದರೇನಂತೆ, ಇಷ್ಟು ವರ್ಷವೂ ಅವಳು ಮುಖ ಗಂಟಿಕ್ಕಿದಾಗಲೆಲ್ಲ, ಬಾಗಿಲು ಹಾಕಿಕೊಂಡಾಗಲೆಲ್ಲ ನಾನು ಹೆದರಿ ಎದ್ದು ಹೋಗಿ ನೋಡುತ್ತಿದ್ದೆ. ಮಾತಿನಿಂದ ಗೆದ್ದು ತಂದ ಹುಡುಗಿ, ನನ್ನದೇ ಒಂದು ಕೆಟ್ಟ ಮಾತಿಗೆ ಎದ್ದು ಹೋಗಿಬಿಟ್ಟರೆ? ಈಗ ನೋಡಿದರೆ ನಾನು ಗೆದ್ದೇ ಇರಲಿಲ್ಲ. ಅವಳು ತಾನಾಗಿ ಬಂದಿದ್ದಳು.

ಒಳಗೆ ಬಾಗಿಲೊಂದು ಧಡಾರನೆ ಹಾಕಿಕೊಂಡಿತು. ಮೊದಲ ಸಲ, ಯಾಕೆಂದು ನೋಡಲು ನಾನು ಎದ್ದು ಹೋಗಲಿಲ್ಲ.