ಬಾಣಂತಿ ನೀರು ಬರುವವರೆಗೆ

ಸೀಗೆಕಾಯಿಯ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ಹೆಚ್ಚಿನವರಿಗೆ ಅಮ್ಮ, ಹಬ್ಬ, ಉರಿಯುವ ಕಣ್ಣು. ನನಗೆ ಮೋರಿ. ಇಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಎಣ್ಣೆನೀರು ಹಾಕಿಕೊಳ್ಳುತ್ತಿದ್ದರು. ನಮ್ಮ ಹಿತ್ತಲ ಹೊಸ ಕೋಣೆಗೆ ನೆಲ ಹಾಕಲು ಬಂದಿದ್ದ ಕಂಟ್ರಾಕ್ಟರು ನನ್ನ ಒಂದು 'ಹೂಂ'ಗಾಗಿ ಕಾಯುತ್ತ ನಿಂತಿದ್ದ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಐವತ್ತರ ದಶಕದ ಅರಸೀಕೆರೆಗೆ ಹೊರಟುಹೋದೆ. ಅವನು ಕೊಂಚ ಕಾಯಲಿ, ನೀವು ನನ್ನ ಜೊತೆ ಬನ್ನಿ.

ನನ್ನ ತಂದೆ ಅಲ್ಲಿ ಶಾಲಾ ಮೇಷ್ಟರು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಕೋಣೆ ಕಟ್ಟಿಸಲು ಹೊರಟರು. ಅಡ್ಡಿ ಒಂದೇ: ನೆರೆಮನೆಯ ಶಿವಗಂಗಮ್ಮನವರ ಬಚ್ಚಲ ನೀರು ಹಿರಿಯರ ಕಾಲದಿಂದಲೂ ಆ ಜಾಗದ ಮೇಲೆಯೇ ಹರಿದು ಬೀದಿಯ ಚರಂಡಿ ಸೇರುತ್ತಿತ್ತು. ಗಂಡ ಹೋದ ಮೇಲೆ ಕೊಬ್ಬರಿ ಮಂಡಿಯನ್ನು ತಾವೇ ನಡೆಸುತ್ತಿದ್ದ ಗಟ್ಟಿ ಹೆಂಗಸು ಅವರು. ತೆರೆದ ಕಾಲುವೆಯ ಬದಲು ಸುಟ್ಟ ಮಣ್ಣಿನ ಕೊಳವೆ ಹೂತು, ಮೇಲೆ ಕೋಣೆ ಕಟ್ಟಲು ಒಪ್ಪಿದರು. ಆದರೆ ಮಗಳು ಗಿರಿಜಕ್ಕ ಆಗಷ್ಟೇ ಹೆತ್ತು ತವರಿನಲ್ಲಿದ್ದಳು.

"ಬಾಣಂತಿ ಮಲಗಿರೋದು ಬಚ್ಚಲ ಪಕ್ಕದ ಕೋಣೇಲಿ, ಮೇಷ್ಟ್ರೇ. ದಿನಾ ಹಂಡೆಗಟ್ಲೆ ನೀರು ಹುಯ್ತೀವಿ. ಒಂದು ದಿನ ನೀರು ಕಟ್ಕೊಂಡು ಎಳೇ ಕೂಸಿನ ಹಾಸಿಗೆ ಹತ್ರ ಬಂತೋ, ನಿಮ್ಮ ಗೋಡೇನ ನಾನೇ ಕೆಡವಿಸ್ತೀನಿ" ಎಂದರು. ಅವರು ಹೇಳಿದ್ದನ್ನು ಮಾಡುವವರು.

ಕೆಲಸ ಹಿಡಿದವರು ಹಾರನಹಳ್ಳಿಯ ತಿಮ್ಮಯ್ಯ ಮೇಸ್ತ್ರಿ. ಗೋಡೆಗಿಂತ ನೀರಿನ ಮಾತನ್ನೇ ಹೆಚ್ಚು ಆಡುವ ಮನುಷ್ಯ. "ಹಳೇಬೀಡಿಗೆ ಜನ ಬೊಂಬೆ ನೋಡಾಕೆ ಹೋಯ್ತಾರೆ. ನಾನು ಮೊದ್ಲು ಮಳೆ ನೀರು ಯಾವ ಕಡೀಕೆ ಇಳೀತೈತೆ ಅಂತ ನೋಡ್ತೀನಿ ಕಣ್ರೀ" ಎನ್ನುತ್ತಿದ್ದರು. ಆ ಚಟ ನನಗೂ ಅಂಟಿತು. ಮುಂದೆ ಪತ್ರಿಕೆಯ ಕೆಲಸದ ಮೇಲೆ ಬೇಲೂರಿಗೆ ಹೋದಾಗ, ಶಿಲಾಬಾಲಿಕೆಯರಿಗೆ ಬೆನ್ನು ಹಾಕಿ ಅಂಗಳದ ಇಳಿಜಾರನ್ನು ನೋಡುತ್ತ ನಿಂತು ಛಾಯಾಗ್ರಾಹಕನಿಂದ ಬೈಸಿಕೊಂಡಿದ್ದೇನೆ.

ಮೇಸ್ತ್ರಿಯ ಕಟ್ಟುಪಾಡುಗಳು ಬಿಗಿಯಾಗಿದ್ದವು. ಕೊಳವೆಯ ನಡುವೆ, ಒಳಗೆ ಇಣುಕಿ ನೋಡಲು, ಒಂದು ಪರೀಕ್ಷೆಯ ಗುಂಡಿ. ಕೆಲಸ ನಡೆಯುವಾಗ ಅದರ ಬಾಯಿಗೆ ಗೋಣಿ, ಗೋಣಿಯ ಮೇಲೆ ಕಲ್ಲುಚಪ್ಪಡಿ. ಮರಳಿನ ರಾಶಿ ಆ ಗುಂಡಿಗಿಂತ ತಗ್ಗಿನಲ್ಲೇ ಇರಬೇಕು. ಗಾರೆ ಮೆತ್ತಿದ ಬಾಂಡ್ಲಿ, ಸಲಿಕೆಗಳನ್ನು ತೊಳೆಯಲು ಹಿತ್ತಲ ಮೂಲೆಯಲ್ಲಿ ಬೇರೆಯೇ ಹಳ್ಳ. ಇಷ್ಟಾದರೂ, ಕೊಳವೆ ಕಟ್ಟಿಕೊಂಡಿಲ್ಲವೆಂದು ಕಣ್ಣಾರೆ ಕಾಣಲು, ಬೆಳಿಗ್ಗೆ ಬಾಣಂತಿಯ ಸ್ನಾನ ಆಗುವವರೆಗೆ ಗಾರೆ ಕಲಸಲು ಬಿಡುತ್ತಿರಲಿಲ್ಲ. ಬೀದಿಯ ಚರಂಡಿಯ ಪಕ್ಕ ಬೀಡಿ ಹಚ್ಚಿ ಕುಕ್ಕರಗಾಲಲ್ಲಿ ಕೂರುವರು. ಸೀಗೆಕಾಯಿಯ ಕಂದು ನೊರೆ ಬುಳುಬುಳು ಹೊರಬಿದ್ದ ಮೇಲೆಯೇ, "ಬಂತು, ಕಲಸ್ರೋ!"

ದಾರಿಹೋಕರಿಗೆ ಇದೊಂದು ತಮಾಷೆ. "ಏನ್ಲಾ ತಿಮ್ಮಯ್ಯ, ಬಾಣಂತಿ ಸ್ನಾನ ಆಯ್ತಾ?"

"ಆಯ್ತದೆ ತಡಿಯಲಾ. ಕೂಸಿಗಿಲ್ದಿರೋ ಅವಸ್ರ ನಿಂಗ್ಯಾಕೆ?"

ನನಗಾಗ ಇಪ್ಪತ್ತು ದಾಟಿತ್ತು. ಪತ್ರಿಕೆಯೊಂದರಿಂದ ಕೆಲಸದ ಕರೆ ಬರುವುದನ್ನು ಕಾಯುತ್ತ, ಕಂಡದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ನೋಡುವುದಷ್ಟೇ ವರದಿಗಾರನ ಕೆಲಸ, ತಲೆಹಾಕುವುದಲ್ಲ ಎಂದು ಯಾರೂ ಕಲಿಸದೆ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಗುಂಡಿಯನ್ನು ಶಾಶ್ವತವಾಗಿ ಮುಚ್ಚಿ ನೆಲ ಹಾಕುವ ದಿನ ಬಂತು. ಹಿಂದಿನ ಸಂಜೆ ಆಳುಗಳು ಹೋದ ಮೇಲೆ ತಂದೆ ಚಪ್ಪಡಿ ಸರಿಸಿ, ಕೊಳವೆಯ ಬಾಯಿಗೆ ತೆಂಗಿನ ನಾರಿನ ಉಂಡೆಯೊಂದನ್ನು ತುರುಕಿದರು. ಅರಸೀಕೆರೆಯಲ್ಲಿ ಪಾತ್ರೆ ಉಜ್ಜಲು ನಾರು, ಒಲೆ ಹೊತ್ತಿಸಲು ನಾರು, ದನ ಕಟ್ಟಲು ನಾರು, ಮೋರಿಗೂ ಏಕಾಗಬಾರದು? "ನೀರು ಸೋರಿಹೋಗತ್ತೆ, ಮರಳು ನಿಲ್ಲತ್ತೆ. ಮೇಸ್ತ್ರಿಗೆ ಇದು ಹೊಳೀಲೇ ಇಲ್ಲ ನೋಡು" ಎಂದರು. ಮೇಸ್ತ್ರಿಯನ್ನು ಕೇಳಬೇಕಿತ್ತಲ್ಲವೇ ಎಂದು ನನಗೆ ಅನ್ನಿಸಿತು. ಅನ್ನಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡೆ: ತಂದೆಯವರಿಂದ ಹೊಸ ಉಪಾಯ.

ಮರುದಿನ ನೊರೆ ತಡವಾಗಿ, ಸಣ್ಣ ಎಳೆಯಾಗಿ ಬಂತು. ಆಳುಗಳು ಸಲಿಕೆ ಹಿಡಿದು ನಿಂತಿದ್ದರು.

"ನೀರು ಬಂತಲ್ಲಪ್ಪಾ, ಶುರುಮಾಡು" ಎಂದರು ತಂದೆ.

"ಬಂತು ಸ್ವಾಮಿ. ದಿನಾ ಓಡ್ಕೊಂಡು ಬರೋದು, ಇವತ್ತು ತೆವಳ್ಕೊಂಡು ಬಂದೈತೆ. ನಾನು ಗುಂಡಿ ಮುಚ್ಚಾಕಿಲ್ಲ." ಮೇಸ್ತ್ರಿ ಚಪ್ಪಡಿ ತೆಗೆಸಿ ನೋಡಿದರು. ಗುಂಡಿಯ ತುಂಬ ನೀರು. "ಒಳೀಕೆ ಯಾರಾದ್ರೂ ಏನಾದ್ರೂ ತುರುಕಿದ್ರಾ?"

ಉತ್ತರ ನನ್ನ ಜೇಬಿನ ಪುಸ್ತಕದಲ್ಲೇ ಇತ್ತು. ನಾನು ತಂದೆಯ ಮುಖ ನೋಡಿದೆ, ತಂದೆ ನೆಲ ನೋಡಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ಶಿವಗಂಗಮ್ಮನವರ ಕೂಗು: "ಮೇಷ್ಟ್ರೇ! ಬಚ್ಚಲ ನೀರು ಕೋಣೆ ಹೊಸ್ತಿಲು ಮುಟ್ತಾ ಐತೆ!"

"ನಾನು ಕಣಯ್ಯಾ, ನಾರು ಇಟ್ಟಿದ್ದೆ" ಎಂದರು ತಂದೆ. ಶಾಲೆಯಲ್ಲಿ ಹಾಜರಿ ಕೂಗುವಷ್ಟೇ ಗಟ್ಟಿಯಾಗಿ.

ಮೇಸ್ತ್ರಿ ಬೈಯಲಿಲ್ಲ. ಅಂಗಿ ಬಿಚ್ಚಿ, ನೆಲಕ್ಕೆ ಹೊಟ್ಟೆ ಊರಿ ಮಲಗಿ, ತುದಿಗೆ ಕೊಕ್ಕೆ ಕಟ್ಟಿದ ಬಿದಿರಿನ ದಬ್ಬೆಯನ್ನು ಕೊಳವೆಯೊಳಗೆ ಬಿಟ್ಟರು. ನೀರು ಎಳೆದೊಯ್ದ ನಾರು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದು ಕಪ್ಪು ಹೆಗ್ಗಣದ ಹಾಗೆ ಹೊರಬಂದಾಗ, ತಡೆದು ನಿಂತಿದ್ದ ನೀರೆಲ್ಲ ಬೀದಿಗೆ ನುಗ್ಗಿತು. ಆಚೆ ಗಿರಿಜಕ್ಕ ಕೂಸನ್ನು ಎದೆಗವಚಿಕೊಂಡು ಮಂಚದ ಮೇಲೆ ಕೂತಿದ್ದಳಂತೆ. ನೀರು ಹೊಸ್ತಿಲು ದಾಟಲಿಲ್ಲ.

ಶಿವಗಂಗಮ್ಮನವರು ಗೋಡೆಯ ಬಳಿ ಬಂದರು. "ತಪ್ಪು ಮಾಡಿದ ಮಕ್ಕಳ ಕೈಲಿ ಬಸ್ಕಿ ಹೊಡೆಸ್ತೀರಲ್ಲ ಮೇಷ್ಟ್ರೇ, ಇದಕ್ಕೆ ಎಷ್ಟು?"

"ನೀವೇ ಹೇಳಿ, ಅಮ್ಮಾವ್ರೇ."

"ಬಾಣಂತನ ಮುಗಿಯೋವರ್ಗೂ ಆ ಗುಂಡಿ ಮುಚ್ಚಬೇಡಿ. ಅಷ್ಟು ಸಾಕು."

"ಯಾವತ್ತೂ ಮುಚ್ಚಾಕಿಲ್ಲ ತಾಯಿ. ನೆಲದ ಮಟ್ಟಕ್ಕೆ ಚಪ್ಪಡಿ ಕೂರ್ಸಿ, ಎತ್ತಾಕೆ ಕಬ್ಬಿಣದ ಬಳೆ ಹಾಕ್ತೀನಿ" ಎಂದರು ಮೇಸ್ತ್ರಿ. ಹಾಗೆಯೇ ಮಾಡಿದರು. ಮುಂದೆಂದೂ ಆ ಮೋರಿ ಕಟ್ಟಿಕೊಳ್ಳಲಿಲ್ಲ.

ಕೈ ತೊಳೆಯುತ್ತ ಅವರು ನನ್ನತ್ತ ತಿರುಗಿದರು. "ನಿನ್ನೆ ಸಂಜೆ ನೀವು ಇಲ್ಲೇ ಇದ್ರಲ್ಲವಾ?"

"ಇದ್ದೆ."

"ನಿಮ್ಮಪ್ಪಾರು ಕೊಳವೆಗೆ ನಾರು ತುರುಕಿದ್ರು. ನೀವು ಬಾಯಿಗೆ ತುರುಕ್ಕೊಂಡಿದ್ರಿ." ಹೇಳಿ ನಕ್ಕರು. ನಾನೂ ನಕ್ಕೆ, ಆದರೆ ಮಾತು ನಾಟಿತು. ಆಮೇಲೆ ಎಷ್ಟೋ ಊರುಗಳ ಕಟ್ಟಿಕೊಂಡ ಚರಂಡಿಗಳ ಸುದ್ದಿ ಬರೆದಿದ್ದೇನೆ, ಎಲ್ಲವನ್ನೂ ನೀರು ಮನೆಗಳಿಗೆ ನುಗ್ಗಿದ ಮಾರನೆಯ ದಿನ.

"ಸರ್, ಸಿಮೆಂಟ್ ಕಲಸ್ಲಾ?" ಕಂಟ್ರಾಕ್ಟರು ಮತ್ತೆ ಕೇಳಿದ.

"ಬೇಡ. ನಿನ್ನೆ ಮಧ್ಯಾಹ್ನ ನಿಮ್ಮ ಕೆಲಸದವರು, ಈ ಹಿತ್ತಲಲ್ಲಿ ಪಕ್ಕದ ಮನೆಯ ನೀರು ಹೋಗುವ ಪೈಪಿದೆಯಲ್ಲ, ಅದರ ಬಾಯಲ್ಲೇ ಬಾಂಡ್ಲಿ ತೊಳೆದರು. ನಾನು ಕಿಟಕಿಯಿಂದ ನೋಡಿದೆ."

"ಆಗ್ಲೇ ಹೇಳ್ಬಾರ್ದಿತ್ತಾ ಸರ್? ಈಗ ಸಿಮೆಂಟು ಪೈಪಿನೊಳಗೇ ಗಟ್ಟಿಯಾಗಿರತ್ತೆ."

"ಹೇಳಬೇಕಿತ್ತು. ಬಿಚ್ಚಿ ನೋಡಿ."

ಅವನು ಗೊಣಗುತ್ತಲೇ ಪೈಪಿನ ಮುಂದೆ ಕೂತ. ನಾನು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ನಡೆದೆ: ಸ್ವಲ್ಪ ಹೊತ್ತು ನೀರು ಬಿಡಬೇಡಿ, ಈ ತೊಂದರೆಯಲ್ಲಿ ನನ್ನ ಪಾಲೂ ಇದೆ ಎಂದು ಅವರ ಬಾಗಿಲಲ್ಲಿ ನಿಂತು ಹೇಳುವುದಕ್ಕೆ.