ಮಾಘದ ಗಂಗೆಗೆ ಅಜ್ಜ ಹಾರದೆ ಉಳಿದದ್ದು

ನಿಮ್ಮ ಅಜ್ಜ ಇದ್ದಾಗಿನ ಮಾತು. ಅವರ ಎದೆಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಅವರ ಹೃದಯವನ್ನು ಪರದೆಯ ಮೇಲೆ ನನಗೂ ತೋರಿಸಿದರು. ಕತ್ತಲೊಳಗೆ ಪುಟ್ಟ ರೆಪ್ಪೆಗಳಂಥವು ತೆರೆದು ಮುಚ್ಚುತ್ತಿದ್ದವು. ಹಳ್ಳಿಶಾಲೆಯಲ್ಲಿ ಓದಿದ ನನಗೆ ಹೃದಯವೆಂದರೆ ಪುಸ್ತಕದ ಕೆಂಪು ಚಿತ್ರ, ಅಷ್ಟೆ. ನಾವು ಮಲಗಿದಾಗಲೂ ಇದು ಹೀಗೇ ದುಡಿಯುತ್ತದೆಯೇ ಎಂದು ಕೈಮುಗಿಯಬೇಕೆನಿಸಿತು.

"ತಣ್ಣೀರಿಗೆ ಧುಮುಕಿದರೆ ಉಸಿರು ಹಿಡಿಯುತ್ತದೆ, ಎದೆಬಡಿತ ಏರುತ್ತದೆ. ಚಳಿಗಾಲದ ಈಜು ಇವರಿಗೆ ಬೇಡ" ಎಂದರು ಡಾಕ್ಟರು.

ಆ ಚಳಿಗಾಲದಲ್ಲೇ ಮಾಘಸ್ನಾನಕ್ಕೆಂದು ಉತ್ತರದಲ್ಲಿ ಆಗ ನಾವಿದ್ದ ರೋಹಿಣಿ ಬಡಾವಣೆಯಿಂದ ಗಢಮುಕ್ತೇಶ್ವರದ ಗಂಗೆಗೆ ಹೋದೆವು. ನಿಮ್ಮ ಅಮ್ಮನೂ ಬಂದಿದ್ದಳು. ನಮ್ಮೂರಲ್ಲಿ ಮಾಘವೆಂದರೆ ಬೆಳಗಿನ ಸಣ್ಣ ನಡುಕ. ಅದೇ ಅಂದಾಜಿನಲ್ಲಿ ಹೊರಟುಬಿಟ್ಟಿದ್ದೆವು. ಇಲ್ಲಿ ನೋಡಿದರೆ ಮಂಜಿನಲ್ಲಿ ನದಿಯೇ ಇಲ್ಲ. ಬಿಳುಪಿನೊಳಗಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು.

ಅಜ್ಜ ಸ್ವೆಟರ್ ಕಳಚಿ, ಪಂಚೆ ಬಿಗಿದು, ಕಟ್ಟೆಯ ತುದಿಗೆ ನಿಂತರು.

"ಒಂದೇ ಸಲ ಹಾರಿಬಿಟ್ರೆ ಚಳಿ ಗೊತ್ತಾಗಲ್ಲ ಕಣೆ. ಊರ ಬಾವಿಗೆ ಹಾಗೇ ಅಲ್ವಾ ಹಾರ್ತಿದ್ದಿದ್ದು?"

"ಅಪ್ಪಾ, ಡಾಕ್ಟರ್ ನೇ ಮನಾ ಕಿಯಾ ಹೈ ನಾ! ಬೇಡ ಅಂದಿದಾರೆ!" ಎಂದಳು ನಿಮ್ಮ ಅಮ್ಮ.

"ಆ ಡಾಕ್ಟರಿಗೆ ಈಜು ಬರುತ್ತಾ, ಕೇಳಿದ್ಯಾ?"

ನಾಲ್ಕು ಜನರೆದುರು ಅವರಿಗೆ ಎದುರಾಡಿದವಳಲ್ಲ ನಾನು. ಬೇರೇನೂ ತೋಚದೆ ನನ್ನ ಸೆರಗಿನ ತುದಿಯನ್ನು ಅವರ ಪಂಚೆಗೆ ಗಂಟು ಹಾಕಿದೆ. ದಂಪತಿ ಸ್ನಾನಕ್ಕೆ ಹೀಗೆ ಹಾಕುವುದು ರೂಢಿ. ಹಾಕಿದ ಮೇಲೆ ಸ್ನಾನ ಮುಗಿಯುವತನಕ ಬಿಚ್ಚುವಂತಿಲ್ಲ.

"ಏನೇ ಇದು, ಲಗಾಮಾ?"

"ನನಗೆ ಈಜು ಬರಲ್ಲ ರೀ. ಹಾರೋದಾದ್ರೆ ನನ್ನನ್ನೂ ಎಳ್ಕೊಂಡೇ ಹಾರಿ."

ಅವರು ನಗುತ್ತಲೇ ನನ್ನೊಡನೆ ಮೆಟ್ಟಿಲಿಳಿದರು. ಮೆಟ್ಟಿಲ ಬದಿಗೆ ಕಟ್ಟಿದ್ದ ಸರಪಳಿ ಹಿಡಿದುಕೊಂಡೆವು. ಪಾದಕ್ಕೆ ನೀರು ತಾಗಿದ್ದೇ ಮೂಳೆಯೊಳಗೆ ನೋವು ಹೊಕ್ಕಿತು. ಮೊಣಕಾಲಿಗೆ ಬರುವಷ್ಟರಲ್ಲಿ ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ಪಕ್ಕದಲ್ಲಿ ಅವರ ನಗು ನಿಂತುಹೋಗಿತ್ತು. ಅಜ್ಜ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಅವರ ಎದೆಯ ಮೇಲೆ ಕೈಯಿಟ್ಟೆ. ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದ ಹಾಗಿತ್ತು.

"ಮೇಲೆ ನಡೀರಿ" ಎಂದೆ. ನನ್ನ ದನಿ ನನಗೇ ಹೊಸದು. ಅವರು ಮಗುವಿನಂತೆ ಬಂದರು.

ನಿಮ್ಮ ಅಮ್ಮ ಒಣ ಟವೆಲಿನಿಂದ ಕಾಲೊರೆಸಿ, ಸ್ವೆಟರ್ ತೊಡಿಸಿ, ಕಂಬಳಿ ಹೊದಿಸಿದಳು. ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿಕೊಂಡಿದ್ದೇ ನಮ್ಮ ಸ್ನಾನ. ಮೆಲ್ಲಗೆ ಅವರ ಉಸಿರು ಹದಕ್ಕೆ ಬಂತು.

ಅಷ್ಟರಲ್ಲಿ ಮಂಜು ಸರಿಯಿತು. ಗಂಗೆ ಕಂಡಳು. ಅಬ್ಬಾ, ಆ ಅಗಲ, ಆ ರಭಸ! ಅಜ್ಜ ಅದನ್ನೇ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದರು:

"ಇದಕ್ಕಾ ನಾನು ಹಾರೋಕೆ ಹೊರಟಿದ್ದು?"